ಗಾಣದೂರಿನಲ್ಲಿ ಬೆಲ್ಲದ ವಾಸನೆ ಯಾರಿಗೆ ಗೊತ್ತಾಗಬೇಕು?

ಸಂಪಾದಕರಿಗೆ ನಮಸ್ಕಾರ.

ನಾನು ಮಹಾಲಿಂಗಪುರ ಹತ್ತಿರದ ಕಬ್ಬು ಬೆಳೆಗಾರ. ಸ್ವಂತ ಗಾಣವೂ ಇದೆ. ಆರು ವರ್ಷದ ಹಿಂದೆ ಮೊದಲ ಮೊಮ್ಮಗನ ಒದ್ದೆ ಬಟ್ಟೆಯಿಂದ ಸೀದ ಪಾಕದ ವಾಸನೆ ಬರುತ್ತಿತ್ತು. ಮನೆಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಗಾಣ ನಡೆದಿತ್ತು, ಎಲ್ಲರ ಮೈಯಲ್ಲೂ ಅದೇ ವಾಸನೆ.

ಹುಟ್ಟಿದಾಗ ಕೂಸು ಮೂರು ಕೆಜಿ ಇತ್ತು, ಚೆನ್ನಾಗಿ ಅತ್ತಿತ್ತು. ನಾಲ್ಕನೇ ದಿನ ಮೊಲೆ ಬಿಟ್ಟಿತು. ಒಮ್ಮೆ ಬಿಲ್ಲಿನ ಹಾಗೆ ಸೆಟೆದುಕೊಳ್ಳುವುದು, ಒಮ್ಮೆ ಬಟ್ಟೆಯ ಹಾಗೆ ಜೋತು ಬೀಳುವುದು. ಹೆಂಗಸರು ಬಾಲಗ್ರಹ ಅಂದರು. ಆಸ್ಪತ್ರೆಯಲ್ಲಿ ರಕ್ತಕ್ಕೆ ನಂಜಾಗಿದೆ ಅಂದರು. ಹನ್ನೊಂದನೇ ದಿನ ಹೋಯಿತು. ತೊಟ್ಟಿಲಿಗೆ ಹಾಕಿರಲಿಲ್ಲ, ಹೆಸರೂ ಇಟ್ಟಿರಲಿಲ್ಲ.

ಎರಡನೆಯದು ಹೆಣ್ಣು. ಅದಕ್ಕೂ ಐದನೇ ದಿನ ಹಾಗೇ ಆದಾಗ ಬೆಳಗಾವಿಗೆ ಓಡಿದೆವು. ಅಲ್ಲೊಬ್ಬ ಸಣ್ಣ ವಯಸ್ಸಿನ ಡಾಕ್ಟರಮ್ಮ ಎರಡೇ ಪ್ರಶ್ನೆ ಕೇಳಿದರು. ಮೊದಲಿನ ಕೂಸು ಹೇಗೆ ಹೋಯಿತು? ಗಂಡ ಹೆಂಡತಿ ಸಂಬಂಧಿಕರಾ? ಮಗಳನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದೇವೆ ಅಂದೆ. ಅವರು ಕೂಸಿನ ಕಿವಿಯ ಗುಗ್ಗೆ ತೆಗೆದು ಮೂಸಿ ನೋಡಿದರು. ಹಿಮ್ಮಡಿಗೆ ಸೂಜಿ ಚುಚ್ಚಿ, ದಪ್ಪ ಕಾಗದದ ಮೇಲೆ ನಾಲ್ಕು ಹನಿ ರಕ್ತ ಇಳಿಸಿ, ಒಣಗಿಸಿ ಬೆಂಗಳೂರಿಗೆ ಕಳಿಸಿದರು. ರಕ್ತದಲ್ಲಿ ಲ್ಯೂಸಿನ್, ಅಂದರೆ ಪ್ರೋಟೀನಿನ ಒಂದು ಅಂಶ, ಮಿತಿ ಮೀರಿತ್ತು. ಮೇಪಲ್ ಸಿರಪ್ ಮೂತ್ರ ರೋಗವಂತೆ. ಹೊರದೇಶದವರು ತಮ್ಮ ಮರದ ಪಾಕದ ಹೆಸರಿಟ್ಟಿದ್ದಾರೆ. ನಮ್ಮ ಕಡೆ ಸಿಕ್ಕಿದ್ದರೆ ಬೆಲ್ಲದ ರೋಗ ಅಂತಿದ್ದರೇನೋ.

ಇಂಥ ಕೂಸಿನ ಮೈ ಲ್ಯೂಸಿನ್ ಅರಗಿಸಲಾರದು. ಬಸಿರಲ್ಲಿರುವಾಗ ತಾಯಿಯ ಮೈಯೇ ಆ ಕಸ ತೆಗೆಯುತ್ತದೆ. ಹುಟ್ಟಿದ ಮೇಲೆ ಕುಡಿದ ಹಾಲಿನ ಪ್ರೋಟೀನೇ ಮಿದುಳಿಗೆ ವಿಷ. ವರದಿ ಬರುವಷ್ಟರಲ್ಲಿ ಆರು ದಿನ ಹೋಗಿತ್ತು. ಮೊಮ್ಮಗಳಿಗೆ ಈಗ ಮೂರು ವರ್ಷ. ಉಳಿದಿದ್ದಾಳೆ, ಅಜ್ಜಾ ಅನ್ನುತ್ತಾಳೆ, ಆದರೆ ಇನ್ನೂ ನಡೆಯುವುದಿಲ್ಲ. ಲ್ಯೂಸಿನ್ ಇಲ್ಲದ ಹಾಲಿನಪುಡಿ ತರಿಸುತ್ತೇವೆ. ಬೇಳೆ, ಅನ್ನ ಎಲ್ಲಾ ತೂಕ ಮಾಡಿಯೇ ಕೊಡಬೇಕು. ಜೋಳದಲ್ಲಂತೂ ಲ್ಯೂಸಿನ್ ಜಾಸ್ತಿ. ರೊಟ್ಟಿ ಬಡಿಯುವ ಸದ್ದಾದರೆ ತೆವಳಿಕೊಂಡು ಬರುತ್ತಾಳೆ. ನಾವು ಬುಟ್ಟಿ ಮುಚ್ಚಿಡುತ್ತೇವೆ.

ಕಬ್ಬು ಮಾಗಿದೆಯೋ ಇಲ್ಲವೋ ನೋಡಲು ಎರಡು ಹನಿ ರಸ ಮೀಟರಿಗೆ ಹಾಕಿ ಬ್ರಿಕ್ಸ್, ಅಂದರೆ ಸಿಹಿಯ ಪ್ರಮಾಣ, ಅಳೆಯುತ್ತಾರೆ. ಕೂಸಿಗೆ ಯಾಕಿಲ್ಲ? ಇದೇನು ಹೊಸದಲ್ಲ. ಅಮೆರಿಕದ ರಾಬರ್ಟ್ ಗುತ್ರಿ 1960ರ ದಶಕದಲ್ಲೇ ಕಾಗದದ ಮೇಲೆ ಒಣಗಿದ ರಕ್ತದಿಂದ ಇಂಥದ್ದೇ ಇನ್ನೊಂದು ರೋಗ ಹಿಡಿದು ತೋರಿಸಿದರು. 1980ರ ದಶಕದಲ್ಲಿ ನಮ್ಮ ರಾಜ್ಯದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯವರು ಲಕ್ಷಕ್ಕೂ ಜಾಸ್ತಿ ಕೂಸುಗಳ ರಕ್ತ ಪರೀಕ್ಷಿಸಿದ್ದರು. ಗೋವಾದಲ್ಲಿ 2008ರಲ್ಲಿ ಶುರು ಮಾಡಿದರು. ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲವು ರೋಗಗಳಿಗೆ ಈ ಪರೀಕ್ಷೆ ಇದೆ. ಈಗಿನ ಯಂತ್ರಕ್ಕೆ ಒಂದು ಚುಕ್ಕೆ ರಕ್ತ ಸಾಕು, ಹತ್ತಾರು ರೋಗ ಒಟ್ಟಿಗೇ ತಿಳಿಯುತ್ತವೆ. ನಮ್ಮಂಥ ರೋಗ ಅಪರೂಪ, ಒಪ್ಪುತ್ತೇನೆ. ಆದರೆ ಹುಟ್ಟಿನಿಂದ ಬರುವ ಥೈರಾಯ್ಡ್ ಕೊರತೆ ಸುಮಾರು ಸಾವಿರಕ್ಕೊಂದು ಕೂಸಿಗಿರುತ್ತದೆ. ಅದೂ ಹಿಮ್ಮಡಿಯ ರಕ್ತದಲ್ಲೇ ತಿಳಿಯುತ್ತದೆ. ಎರಡು ವಾರದೊಳಗೆ ಮಾತ್ರೆ ಶುರುವಾದರೆ ಬುದ್ಧಿ ಉಳಿಯುತ್ತದೆ. ಮಾತ್ರೆಗೆ ದಿನಕ್ಕೆ ಕೆಲವೇ ರೂಪಾಯಿ.

ಸಂಬಂಧದಲ್ಲಿ ಕೊಟ್ಟಿದ್ದೇ ತಪ್ಪು ಅಂತ ಬೈಯುವವರಿದ್ದಾರೆ. ಇರಬಹುದು. ತಂದೆ ತಾಯಿ ಇಬ್ಬರಲ್ಲೂ ದೋಷ ಅಡಗಿದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ಹೊರಗೆ ಕೊಟ್ಟರೂ ಬರಬಹುದು, ಒಳಗೆ ಕೊಟ್ಟರೆ ಜಾಸ್ತಿ. ಆದರೆ ಆಗಿಹೋದ ಮದುವೆಗಳ ಕೂಸುಗಳನ್ನು ಏನು ಮಾಡೋಣ ಹೇಳಿ.

ಜಿಲ್ಲೆಯ ಎಲ್ಲ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಬಾಣಂತಿಯನ್ನು ಮನೆಗೆ ಕಳಿಸುವ ಮೊದಲು ಕೂಸಿನ ಹಿಮ್ಮಡಿಯ ರಕ್ತ ತೆಗೆಯಲಿ. ವರದಿ ಎರಡು ಮೂರು ದಿನದಲ್ಲಿ ಫೋನಿಗೆ ಬರಲಿ. ತಿಂಗಳಾದ ಮೇಲೆ ಬಂದರೆ ಸುಮ್ನೆ ಕಾಗದ. ಅದಕ್ಕೆ ದುಡ್ಡಿಲ್ಲ ಅನ್ನುವುದಾದರೆ, ಹಿಂದಿನ ಕೂಸು ಹೇಗೆ ತೀರಿತು ಅಂತ ಬಸುರಿಯನ್ನು ಕೇಳಿ ತಾಯಿ ಕಾರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆಯಲಿ. ಅದಕ್ಕೆ ಪೆನ್ನು ಸಾಕು.

ಮಗಳಿಗೆ ಈಗ ಮತ್ತೆ ಏಳು ತಿಂಗಳು. ಹೆರಿಗೆ ಬೆಳಗಾವಿಯಲ್ಲೇ ಅಂತ ಹೇಳಿ ಬಂದಿದ್ದೇವೆ. ಹುಟ್ಟಿದ ಕೂಡಲೇ ರಕ್ತ ತೆಗೆಯುತ್ತಾರೆ. ಪಕ್ಕದ ಹೊಲದವರ ಸೊಸೆಗೂ ಅದೇ ತಿಂಗಳ ಲೆಕ್ಕ. ಅವಳ ಹೆರಿಗೆ ಇಲ್ಲೇ.

ಇಂತಿ,
ಒಬ್ಬ ಅಜ್ಜ, ಮಹಾಲಿಂಗಪುರ, ಬಾಗಲಕೋಟೆ ಜಿಲ್ಲೆ