ಟ್ರೆಡ್‌ಮಿಲ್ ಇಲ್ಲದ ವ್ಯಾಯಾಮ ಶಾಲೆ: ಪೋಷಕರಿಗೆ ಪತ್ರ

ನವನಗರ, ಬಾಗಲಕೋಟೆ

ಮಾನ್ಯ ಪೋಷಕರೇ,

ನಮಸ್ಕಾರ. ಶಾಲೆಯ ಹಿಂಬದಿಯ ತಗಡಿನ ಸಭಾಂಗಣವನ್ನು ವ್ಯಾಯಾಮ ಶಾಲೆಯಾಗಿ ಮಾರ್ಪಡಿಸುವ ಕೆಲಸ ನಡೆದಿರುವುದು ನಿಮಗೆ ಗೊತ್ತಿದೆ. ಕಳೆದ ಸಭೆಯಲ್ಲಿ ಮೊದಲು ಬಂದ ಪ್ರಶ್ನೆ, ‘ಮಷೀನ್ ಯಾವ ಕಂಪನಿಯದು?’ ಎಂಬುದು. ಯಾವ ಕಂಪನಿಯದೂ ಅಲ್ಲ. ಟ್ರೆಡ್‌ಮಿಲ್ ತರಿಸುತ್ತಿಲ್ಲ, ನಿಂತಲ್ಲೇ ತುಳಿಯುವ ಸೈಕಲ್ ತರಿಸುತ್ತಿಲ್ಲ, ಗೋಡೆ ತುಂಬ ಕನ್ನಡಿಯನ್ನೂ ಹಾಕಿಸುತ್ತಿಲ್ಲ. ಇದು ಹಣದ ಕೊರತೆಯಿಂದ ಆದ ನಿರ್ಧಾರವಲ್ಲ. ಕಾರಣಗಳನ್ನು ಕೇಳಿ, ಒಪ್ಪದಿದ್ದರೆ ಸಭೆಗೆ ಬಂದು ಜಗಳವಾಡಿ.

ಒಂದು ಟ್ರೆಡ್‌ಮಿಲ್ ಮೇಲೆ ಒಂದು ಹೊತ್ತಿಗೆ ಓಡುವುದು ಒಂದೇ ಮಗು. ತರಗತಿಯ ಉಳಿದವರು ಸಾಲಿನಲ್ಲಿ ನಿಂತು ಅದನ್ನು ನೋಡಬೇಕು. ಯಂತ್ರದ ಅಳತೆ ದೊಡ್ಡವರದು, ಓಡುವ ಕಾಲು ಆರನೇ ತರಗತಿಯದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವಷ್ಟು ಚಟುವಟಿಕೆಯಿಂದ ಇರಬೇಕು. ವಾರದಲ್ಲಿ ಕನಿಷ್ಠ 3 ದಿನ ಎಲುಬು, ಸ್ನಾಯುಗಳಿಗೆ ಬಲ ಕೊಡುವ ಕೆಲಸವೂ ಆಗಬೇಕು. ಜಗತ್ತಿನಲ್ಲಿ 11ರಿಂದ 17 ವರ್ಷದ ಮಕ್ಕಳಲ್ಲಿ ಶೇ. 81ರಷ್ಟು ಮಂದಿ ಈ ಮಟ್ಟ ಮುಟ್ಟುತ್ತಿಲ್ಲ ಎಂದು ಅದೇ ಸಂಸ್ಥೆಯ 2016ರ ಅಂಕಿಅಂಶ ಹೇಳುತ್ತದೆ. ಹುಡುಗಿಯರಲ್ಲಿ ಈ ಪ್ರಮಾಣ ಶೇ. 85.

ಕಬಡ್ಡಿಯಲ್ಲಿ ಜಿಲ್ಲಾ ಮಟ್ಟಕ್ಕೆ ಹೋಗುವ ಮಕ್ಕಳಿಗೆ ಬಯಲು ಸಾಕು. ಕಟ್ಟಡ ಇದ್ದರೂ ಇಲ್ಲದಿದ್ದರೂ ಅವರು ಆಡುತ್ತಾರೆ. ನಾವು ಕಟ್ಟುತ್ತಿರುವುದು ಆಟದ ಅವಧಿ ಬಂದೊಡನೆ ಹೊಟ್ಟೆನೋವಿನ ಚೀಟಿ ತೋರಿಸುವ ಮಗುವಿಗಾಗಿ. (ಆ ಚೀಟಿಗೆ ಸಹಿ ಮಾಡುವವರು ಯಾರೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.) ಆ ಮಗು ಯಾವುದಕ್ಕೆ ಹೆದರುತ್ತದೆ? ಎಲ್ಲರ ಕಣ್ಣೆದುರು ಸೋಲುವುದಕ್ಕೆ. ನಡುವೆ ಒಂದೇ ದೊಡ್ಡ ಅಂಕಣ, ಸುತ್ತಲೂ ಪ್ರೇಕ್ಷಕರು ಇದ್ದರೆ ಗಟ್ಟಿ ಹುಡುಗರು ನಡುವೆ ನಿಲ್ಲುತ್ತಾರೆ, ಉಳಿದವರು ಗೋಡೆಗೆ ಅಂಟಿಕೊಳ್ಳುತ್ತಾರೆ.

ಆಸ್ಟ್ರಿಯಾದ ವಿಯೆನ್ನಾ ನಗರದವರು ಇದನ್ನು ಉದ್ಯಾನಗಳಲ್ಲಿ ಗಮನಿಸಿದರು. ಒಂಬತ್ತು ಹತ್ತು ವರ್ಷ ದಾಟಿದ ಮೇಲೆ ಹುಡುಗಿಯರು ಉದ್ಯಾನಕ್ಕೆ ಬರುವುದೇ ಕಡಿಮೆಯಾಗುತ್ತಿತ್ತು. 1990ರ ದಶಕದ ಕೊನೆಯಲ್ಲಿ ಅಲ್ಲಿ ಎರಡು ಉದ್ಯಾನಗಳನ್ನು ಹೊಸದಾಗಿ ರೂಪಿಸಿ, ವಿಶಾಲವಾದ ಬಯಲನ್ನು ಚಿಕ್ಕ ಚಿಕ್ಕ ಭಾಗಗಳಾಗಿ ವಿಂಗಡಿಸಿ, ವಾಲಿಬಾಲ್, ಬ್ಯಾಡ್ಮಿಂಟನ್‌ಗೂ ಜಾಗ ಮಾಡಿದರು. ಹುಡುಗಿಯರು ಮರಳಿ ಬಂದರು. ಉಪದೇಶ ಮಾಡಿ ಕರೆತಂದದ್ದಲ್ಲ, ನೆಲವನ್ನು ಹಂಚಿದ್ದರಿಂದ ಆದದ್ದು. ನಮ್ಮ ಸಭಾಂಗಣವನ್ನೂ ಸೊಂಟದೆತ್ತರದ ಮರದ ಕಪಾಟುಗಳಿಂದ ನಾಲ್ಕು ಭಾಗ ಮಾಡುತ್ತಿದ್ದೇವೆ. ಕಪಾಟುಗಳಿಗೆ ಚಕ್ರಗಳಿರುವುದರಿಂದ ಪಂದ್ಯದ ದಿನ ಸರಿಸಿದರೆ 12 ಮೀಟರ್ ಉದ್ದ, 8 ಮೀಟರ್ ಅಗಲದ ಬಾಲಕಿಯರ ಕಬಡ್ಡಿ ಅಂಕಣ ಸಿಗುತ್ತದೆ. ಬ್ಯಾಸ್ಕೆಟ್‌ಬಾಲ್ ರಿಂಗ್ 3.05 ಮೀಟರ್ ಎತ್ತರದಲ್ಲಿ ಒಂದು, ಚಿಕ್ಕವರಿಗೆ 2.60 ಮೀಟರ್ ಎತ್ತರದಲ್ಲಿ ಇನ್ನೊಂದು. ಚೆಂಡು ಒಮ್ಮೆಯೂ ರಿಂಗ್ ಮುಟ್ಟದ ಮಗು ಮರುದಿನ ಬರುವುದಿಲ್ಲ.

ನನಗೆ ಹೆಚ್ಚು ಆಸೆ ಇರುವುದು ಪೂರ್ವದ ಗೋಡೆಯ ಮೇಲೆ. ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳನ್ನು ಹತ್ತಲು ದೇಶ ವಿದೇಶಗಳಿಂದ ಜನ ಬರುತ್ತಾರೆ. ಅದೇ ಜಿಲ್ಲೆಯ ನಮ್ಮ ಮಕ್ಕಳು ಅಲ್ಲಿಗೆ ಪ್ರವಾಸ ಹೋಗಿ ಗುಹೆಯ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಆ ಗೋಡೆಗೆ ಬಣ್ಣಬಣ್ಣದ ಹಿಡಿಕೆಗಳನ್ನು ಬೋಲ್ಟ್ ಹಾಕಿ ಕೂರಿಸುತ್ತೇವೆ. ಇಲ್ಲಿ ಮೇಲಕ್ಕೆ ಹತ್ತುವುದಿಲ್ಲ, ಅಡ್ಡಡ್ಡ ಸಾಗುವುದು. ಕಾಲು ನೆಲದಿಂದ ಒಂದು ಮೀಟರ್‌ಗಿಂತ ಮೇಲೇರದಂತೆ ಕೆಂಪು ಗೆರೆ, ಕೆಳಗೆ ದಪ್ಪ ಮ್ಯಾಟ್. ಹಳದಿ ಹಿಡಿಕೆಗಳನ್ನಷ್ಟೇ ಹಿಡಿದು ದಾಟು, ನಂತರ ನೀಲಿ, ನಂತರ ಒಂದು ಕೈಯಲ್ಲಿ ಚೀಲ ಹಿಡಿದು ದಾಟು ಎಂದು ಆಟ ಕಟ್ಟಬಹುದು. ವೇಗದ ಓಟಗಾರ ಇಲ್ಲಿ ಅರ್ಧದಲ್ಲೇ ಜಾರಿ ಬೀಳುತ್ತಾನೆ; ಹಗುರ ಮೈಯ, ಮಾತು ಕಡಿಮೆ ಇರುವ ಹುಡುಗಿ ಹಿಡಿಕೆ ಎಲ್ಲಿದೆ ಎಂದು ಲೆಕ್ಕ ಹಾಕಿ ದಾಟಿಬಿಡುತ್ತಾಳೆ. ತರಗತಿಯಲ್ಲಿ ಯಾರು ಯಾರಿಗಿಂತ ಮೇಲು ಎಂಬ ಪಟ್ಟಿ ತುಸು ಕಲಕಿದರೆ ಒಳ್ಳೆಯದೇ.

ನೆಲದ ಬಗ್ಗೆ ಕೆಲವರು, ‘ಇಳಕಲ್ಲಿನ ಗ್ರಾನೈಟ್ ಹಾಕಿಸಿ, ನೂರು ವರ್ಷ ಬಾಳುತ್ತದೆ’ ಎಂದಿರಿ. ಕಲ್ಲು ನೂರು ವರ್ಷ ಬಾಳುತ್ತದೆ, ಮಂಡಿ ಬಾಳುವುದಿಲ್ಲ. ಜಿಗಿದು ಇಳಿದಾಗ ನೆಲ ಸ್ವಲ್ಪವಾದರೂ ಬಗ್ಗಬೇಕು. ನಿಮ್ಮಲ್ಲಿ ಹಲವರ ಅಜ್ಜಂದಿರು ಗರಡಿಯ ಮಣ್ಣು ಮೆತ್ತಿಕೊಂಡವರು. ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ ಬೆರೆಸಿ ಹದ ಮಾಡುತ್ತಿದ್ದುದು ಇದೇ ಕಾರಣಕ್ಕೆ ಎಂಬುದನ್ನು ಅವರನ್ನೇ ಕೇಳಿ. ನಮ್ಮಲ್ಲಿ ಹಲಗೆಯ ಅಡಿಯಲ್ಲಿ ಪೊಳ್ಳು ಬಿಟ್ಟು ಮರದ ನೆಲ ಹಾಕುತ್ತೇವೆ, ಬಾಗಿಲ ಹೊರಗೆ ಒಂದು ಮಣ್ಣಿನ ಕಣವೂ ಇರುತ್ತದೆ. ಮಲ್ಲಕಂಬಕ್ಕೆ ಹೆಸರಾದ ತುಳಸಿಗೇರಿ ಇಲ್ಲೇ ಪಕ್ಕದಲ್ಲಿದೆ. ಹಾಗಾಗಿ ಒಂದು ಕಂಬ, ತೊಲೆಯಿಂದ ಇಳಿಬಿಟ್ಟ ಒಂದು ಹಗ್ಗ. ತೊಲೆ ಎಷ್ಟು ಭಾರ ತಡೆಯುತ್ತದೆ ಎಂಬುದನ್ನು ಎಂಜಿನಿಯರ್ ಲಿಖಿತವಾಗಿ ಕೊಟ್ಟ ಮೇಲೆಯೇ ಹಗ್ಗ ಕಟ್ಟುವುದು.

ಇನ್ನು ಬಿಸಿಲು. ಏಪ್ರಿಲ್‌ನಲ್ಲಿ ಪಾದರಸ 40 ಡಿಗ್ರಿ ದಾಟುವ ಊರಿನಲ್ಲಿ ತಗಡಿನ ಕೆಳಗೆ ಮಕ್ಕಳನ್ನು ಓಡಿಸುವುದು ವ್ಯಾಯಾಮವಲ್ಲ, ಶಿಕ್ಷೆ. ತಗಡಿಗೆ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಬಣ್ಣ ಬಳಿಸುತ್ತೇವೆ. ಬಿಸಿ ಗಾಳಿ ಮೇಲೇರುವುದರಿಂದ ಛಾವಣಿಯ ನೆತ್ತಿಯ ಉದ್ದಕ್ಕೂ ಗಾಳಿಕಿಂಡಿ, ತಂಪು ಗಾಳಿ ಒಳಬರಲು ಗೋಡೆಯ ಕೆಳಭಾಗದಲ್ಲಿ ಜಾಲಂಧ್ರ. ಜಾಲಂಧ್ರಕ್ಕೆ ಕದವಿರಲಿ ಎಂದು ದೈಹಿಕ ಶಿಕ್ಷಣ ಶಿಕ್ಷಕರು ಹಟ ಹಿಡಿದರು; ಶಟಲ್‌ಕಾಕ್ ಗಾಳಿಗೆ ದಿಕ್ಕು ತಪ್ಪುತ್ತದಂತೆ. ಬೇಸಿಗೆಯಲ್ಲಿ ಬೆಳಗಿನ ಮೊದಲೆರಡು ಅವಧಿ ಮಾತ್ರ ಬಳಕೆ. ಕುಡಿಯುವ ನೀರು ಬಾಗಿಲ ಒಳಗೇ ಇರುತ್ತದೆ.

ಚೆಂಡು, ಹಗ್ಗ, ರಿಂಗುಗಳು ತೆರೆದ ಕಪಾಟಿನಲ್ಲಿರುತ್ತವೆ, ಬೀಗ ಇಲ್ಲ. ಕಳೆದುಹೋಗುತ್ತವೆ, ಗೊತ್ತು. ಕೀಲಿ ಯಾರ ಜೇಬಿನಲ್ಲಿದೆ ಎಂದು ಹುಡುಕುವಷ್ಟರಲ್ಲಿ ಊಟದ ಬಿಡುವು ಮುಗಿಯುವುದಕ್ಕಿಂತ ನಾಲ್ಕು ಚೆಂಡು ಕಳೆಯುವುದು ಅಗ್ಗ. ತೂಕದ ಯಂತ್ರ ಇಲ್ಲಿರುವುದಿಲ್ಲ, ಆರೋಗ್ಯ ತಪಾಸಣೆಯ ಕೋಣೆಯಲ್ಲಿರುತ್ತದೆ. ಮಗುವಿನ ತೂಕ ಗೆಳೆಯರ ನಗೆಗೆ ವಸ್ತುವಲ್ಲ. ಕನ್ನಡಿ ಬೇಡವೆಂದದ್ದೂ ಇದಕ್ಕೇ.

ಹುಡುಗಿಯರ ತಾಯಂದಿರಿಗೆ ಒಂದು ಮಾತು. ಬಟ್ಟೆ ಬದಲಿಸುವ ಕೋಣೆ, ಒಳಚಿಲಕವಿರುವ ಶೌಚಾಲಯ, ಪ್ಯಾಡ್ ಮತ್ತು ಮುಚ್ಚಳದ ಬುಟ್ಟಿ ಸಭಾಂಗಣಕ್ಕೆ ಹೊಂದಿಕೊಂಡೇ ಇರುತ್ತವೆ. ಮುಟ್ಟಿನ ದಿನಗಳಲ್ಲಿ ಆಟ ಬಿಡಲೇಬೇಕೆಂಬ ವೈದ್ಯಕೀಯ ನಿಯಮ ಇಲ್ಲ. ನೋವಿದ್ದರೆ ಕುಳಿತುಕೊಳ್ಳಲಿ, ಇಲ್ಲದಿದ್ದರೆ ಆಡಲಿ, ನಿರ್ಧಾರ ಅವಳದು. ದುಪಟ್ಟಾ ಪಿನ್ ಮಾಡಿಕೊಂಡು ಹಿಡಿಕೆ ಹಿಡಿಯುವುದು ಅಪಾಯ, ಟ್ರ್ಯಾಕ್ ಪ್ಯಾಂಟ್ ಮತ್ತು ಟೀ ಶರ್ಟ್ ಕೊಡಿ.

ಹತ್ತನೇ ತರಗತಿಯ ಪೋಷಕರ ಬೇಡಿಕೆಗೆ ಉತ್ತರ: ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವುದಿಲ್ಲ. ಗಣಿತದ ಶಿಕ್ಷಕರೂ ಕೇಳಿಲ್ಲ.

ದಾನ ಕೊಡಲು ಮುಂದೆ ಬಂದವರಿಗೆ ಕೃತಜ್ಞತೆಗಳು. ಹೆಸರಿನ ಫಲಕ ಹೊರಗೋಡೆಯ ಮೇಲೆ ಇರುತ್ತದೆ, ಒಳಗಿನ ಗೋಡೆ ಮಕ್ಕಳ ಕೈಗೆ ಬೇಕು. ಬರುವ ಶನಿವಾರ ಶಾಲೆ ಬಿಟ್ಟ ಮೇಲೆ ನಕ್ಷೆಯನ್ನು ಸಭಾಂಗಣದ ನೆಲದ ಮೇಲೆಯೇ ಸುಣ್ಣದ ಪುಡಿಯಲ್ಲಿ ಬರೆದಿರುತ್ತೇವೆ. ಬಂದು ಅದರ ಮೇಲೆ ನಡೆದು ನೋಡಿ, ಮಗುವನ್ನೂ ಕರೆತನ್ನಿ. ಕಪಾಟು ಎಲ್ಲಿಗೆ ಬರಬೇಕು ಎಂಬುದನ್ನು ಮಕ್ಕಳಿಂದಲೇ ಕೇಳಿ ಅಂತಿಮಗೊಳಿಸಲಿದ್ದೇವೆ. ಆಸ್ತಮಾ, ಹೃದಯದ ತೊಂದರೆ ಅಥವಾ ಹಳೆಯ ಮೂಳೆ ಮುರಿತ ಇರುವ ಮಕ್ಕಳ ಪೋಷಕರು ವೈದ್ಯರ ಪತ್ರವನ್ನು ಅಂದೇ ಕಚೇರಿಗೆ ತಲುಪಿಸಿ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ