ಪುಟಾಣಿ ಬೇಕಿತ್ತು, ಶೇಂಗಾ ತಂದಳು

ಪ್ರೀತಿಯ ತಂಗಿಗೆ,

ನೀನು ಬರೆದ ಮಕ್ಕಳ ನಾಟಕ ಕೈಗೆ ಬಂದು ಹದಿನೈದು ದಿನ ಆಯಿತು. ಉತ್ತರ ತಡವಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡ. ಎರಡು ಸಲ ನಾನೊಬ್ಬನೇ ಓದಿದೆ. ಮೂರನೇ ಸಲ ಮನೆಯವರನ್ನೆಲ್ಲ ಕೂರಿಸಿಕೊಂಡು ಜೋರಾಗಿ ಓದಿದೆ. ಕಾಗದದ ಕೊನೆಗೆ "ಮೂರು ಕಡೆಯಿಂದ ವಾಪಸ್ ಬಂತು, ಇನ್ನು ಬರೆಯೋದಿಲ್ಲ" ಅಂತ ಬರೆದಿದ್ದೀಯಲ್ಲ, ಆ ಸಾಲು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ದೃಶ್ಯ ಎಷ್ಟಿರಬೇಕು, ಹಾಡು ಎಷ್ಟಿರಬೇಕು, ಯಾರಿಗೆ ಕಳಿಸಬೇಕು ಅಂತ ಕೇಳಿದ್ದೀಯ. ಅದನ್ನೆಲ್ಲ ನಾಲ್ಕು ನಾಟಕ ಆಡಿಸಿದರೆ ನೀನೇ ಕಲಿಯುತ್ತೀಯ, ಬಿಡು. ನನಗೆ ಹೇಳಬೇಕಾಗಿರುವುದು ನಿನ್ನ ಕೊನೆಯ ದೃಶ್ಯದ ಬಗ್ಗೆ.

ಅದಕ್ಕೂ ಮೊದಲು ಏಳನೇ ಪುಟ. ಅವ್ವ ಪುಟಾಣಿ ತರೋಕೆ ಹುಡುಗಿಯನ್ನು ಅಂಗಡಿಗೆ ಕಳಿಸುತ್ತಾಳೆ. "ಪು... ಪು..." ಅಂತ ಮಾತು ತುಟಿಯಲ್ಲೇ ನಿಲ್ಲುತ್ತದೆ. ಅಂಗಡಿಯವನು ಹಿಂದಿನವರ ಕಡೆ ಕೈ ಚಾಚುತ್ತಾನೆ. ಹುಡುಗಿ ಗಾಬರಿಯಾಗಿ, ತಡೆಯದೆ ಬರುವ ಮಾತು ಹುಡುಕಿ, "ಶೇಂಗಾ" ಅಂದುಬಿಡುತ್ತಾಳೆ. ಮನೆಗೆ ಬಂದು ಬೈಸಿಕೊಳ್ಳುತ್ತಾಳೆ. ಯಾಕೆ ಶೇಂಗಾ ತಂದೆ ಅಂತ ಅವ್ವನಿಗೂ ಹೇಳುವುದಿಲ್ಲ. ತಂಗೀ, ಐವತ್ತು ವರ್ಷದಿಂದ ಬರೆಯುತ್ತಿದ್ದೇನೆ, ಇಂಥ ಒಂದು ಪುಟ ನನ್ನ ಕೈಯಿಂದ ಬಂದಿದ್ದು ಬಹಳ ಕಡಿಮೆ. ತೊದಲುವವರು ದಿನಾ ಹೀಗೆ ಮಾತು ಬದಲಿಸಿಕೊಂಡೇ ಬದುಕುತ್ತಾರೆ. ಅದನ್ನು ನೀನು ಹತ್ತಿರದಿಂದ ನೋಡಿದ್ದೀಯ.

ಅದೇ ನೀನು ಕೊನೆಗೆ ಏನು ಮಾಡಿದೆ? ಅವಳನ್ನು ತಾಲ್ಲೂಕು ಸ್ಪರ್ಧೆಗೆ ಕಳಿಸಿದೆ. ಅಲ್ಲಿ ಒಂದೂ ತಡೆಯಿಲ್ಲದೆ ಹಾಡಿಸಿದೆ. ಬಹುಮಾನದ ಕಪ್ಪು ಕೊಡಿಸಿದೆ. ಅಂಗಡಿಯವನೇ ಬಂದು ಹಾರ ಹಾಕುತ್ತಾನೆ! ಹಾಡುವಾಗ ಎಷ್ಟೋ ಜನಕ್ಕೆ ತೊದಲು ಬರುವುದಿಲ್ಲ ಅನ್ನುವುದು ನಿಜ. ಆದರೆ ಮಾರನೇ ದಿನ ಬೆಳಿಗ್ಗೆ ಅವಳು ಮತ್ತೆ ಆ ಅಂಗಡಿಗೆ ಹೋಗಬೇಕಲ್ಲ. ಆಗ ಕಪ್ಪು ತೋರಿಸಿ ಪುಟಾಣಿ ಕೇಳಬೇಕಾ?

ಈ ನಾಟಕಕ್ಕೆ 'ಎನ್‌ಕ್ಯಾಂಟೊ' ಚಿತ್ರವೇ ಸ್ಫೂರ್ತಿ ಅಂದಿದ್ದೀಯ. ನನ್ನ ಮೊಮ್ಮಗಳಿಗೂ ಅದು ಬಾಯಿಪಾಠ. 2021ರಲ್ಲಿ ಬಂದ ಡಿಸ್ನಿ ಚಿತ್ರ, ಲಿನ್ ಮ್ಯಾನುಯೆಲ್ ಮಿರಾಂಡನ ಹಾಡುಗಳು. ಕೊಲಂಬಿಯಾದ ಬೆಟ್ಟಗಳ ನಡುವಿನ ಒಂದು ಮನೆತನ. ಮಕ್ಕಳಿಗೆಲ್ಲ ಒಂದೊಂದು ಮಾಯಾಶಕ್ತಿ, ಮೀರಾಬೆಲ್ ಅನ್ನೋ ಕನ್ನಡಕದ ಹುಡುಗಿಗೆ ಮಾತ್ರ ಏನೂ ಇಲ್ಲ. ಅದನ್ನು ನೋಡಿಯೂ ನೀನು ಕಪ್ಪು ಕೊಡಿಸಿದ್ದು ನನಗೆ ಆಶ್ಚರ್ಯ. ಕೊನೆಗೂ ಆ ಹುಡುಗಿಗೆ ಬೇರೆಯವರಂಥ ಶಕ್ತಿ ಸಿಗುವುದಿಲ್ಲ. ಮನೆ ಬಿದ್ದು, ಊರವರೆಲ್ಲ ಸೇರಿ ಮತ್ತೆ ಕಟ್ಟಿ, ಹೋದ ಮಾಯೆ ವಾಪಸ್ ಬಂದರೂ ಅವಳು ಅಕ್ಕಂದಿರ ಹಾಗೆ ಹೂ ಅರಳಿಸುವುದಿಲ್ಲ, ಕತ್ತೆಗಳನ್ನು ಹೊತ್ತು ನಡೆಯುವುದಿಲ್ಲ. ಹಾಗೇ ಇದ್ದು ಮನೆಯವಳಾಗುತ್ತಾಳೆ.

1941ರ 'ಡಂಬೋ' ಹಾಗಲ್ಲ. ಆನೆಮರಿಯ ದೊಡ್ಡ ಕಿವಿ ನೋಡಿ ಎಲ್ಲರೂ ನಗುತ್ತಾರೆ. ಅದೇ ಕಿವಿಯಿಂದ ಅದು ಹಾರಿದ ಮೇಲೆ ತಲೆ ಮೇಲೆ ಹೊತ್ತುಕೊಳ್ಳುತ್ತಾರೆ. ಅದರ ಅಮ್ಮನ ಹಾಡು ಕೇಳಿ ನಾನೂ ಅತ್ತಿದ್ದೇನೆ. ಆದರೆ ಹಾರಲು ಬರದಿದ್ದರೆ ಆ ಮರಿಯ ಗತಿ ಏನು? ನೀನು ಆ ದಾರಿಗೆ ಹೋದೆ.

'ಎನ್‌ಕ್ಯಾಂಟೊ'ದಲ್ಲಿ ನನ್ನನ್ನು ಬಿಡದೆ ಕಾಡುವವನು ಮೀರಾಬೆಲ್‌ಳ ಸೋದರಮಾವ ಬ್ರೂನೋ. ಅವನ ಸುದ್ದಿ ಎತ್ತಬಾರದು ಅನ್ನುವ ಆ ಹಾಡು 2022ರಲ್ಲಿ ಅಮೆರಿಕದ ಹಾಡುಗಳ ಪಟ್ಟಿಯಲ್ಲಿ ಐದು ವಾರ ಮೊದಲನೇ ಸ್ಥಾನದಲ್ಲಿತ್ತು. ಎಲ್ಲರೂ ಹಾಡಿಗೆ ಕುಣಿದರು. ನಾನು ನೋಡಿದ್ದು ಅವನ ತಟ್ಟೆ. ಮನೆ ಬಿಟ್ಟು ಹೋದ ಅಂತ ಎಲ್ಲರೂ ತಿಳಿದಿದ್ದರೂ ಅವನು ಗೋಡೆಯ ಸಂದಿಯಲ್ಲೇ ಇರುತ್ತಾನೆ. ಊಟದ ಮನೆಯ ಗೋಡೆಗೆ ಒಂದು ಬಿರುಕು. ಅದರ ಆಚೆ ತನ್ನ ಮೇಜು ಹಾಕಿಕೊಂಡು, ಅದರ ಮೇಲೆ ಒಂದು ತಟ್ಟೆಯ ಚಿತ್ರ ಬರೆದು, ತನ್ನ ಹೆಸರು ಬರೆದುಕೊಂಡಿದ್ದಾನೆ. ಮನೆಯವರು ಈಚೆ ಉಣ್ಣುವಾಗ ಅವನು ಆಚೆ ಕೂತು ಅವರ ಜೊತೆ ಉಣ್ಣುತ್ತಾನೆ. ಅಲ್ಲಿ ನಾನು ಚಿತ್ರ ನಿಲ್ಲಿಸಿದೆ. ಮೊಮ್ಮಗಳು "ಯಾಕಜ್ಜಾ?" ಅಂದಳು. ನನಗೆ ಮಾತು ಬರಲಿಲ್ಲ.

ನಿಮ್ಮ ಹಾವೇರಿ ಕಡೆಯ ಬಾಡದ ಕನಕನ ನೆನಪಾಯಿತು. ಅವನಿಗೂ ಸಿಕ್ಕಿದ್ದು ಗೋಡೆಯ ಕಿಂಡಿಯೇ ಅಲ್ವಾ? ದೇವರು ತಿರುಗಿದ ಅಂತ ನಾವು ಹಾಡಿ ಹೊಗಳುತ್ತೇವೆ. ಒಳಗಿದ್ದ ಜನ ಯಾಕೆ ತಿರುಗಲಿಲ್ಲ ಅಂತ ಕೇಳುವುದಿಲ್ಲ.

ಈಗ ನನ್ನದೇ ತಪ್ಪು ಹೇಳುತ್ತೇನೆ. 1984ರಲ್ಲಿ ನಾನೊಂದು ಮಕ್ಕಳ ನಾಟಕ ಬರೆದೆ. ಪೋಲಿಯೋ ಆಗಿ ಒಂದು ಕಾಲು ಸೊರಗಿದ ಹುಡುಗನ ಕತೆ. ನನ್ನ ಬಾಲ್ಯದ ಗೆಳೆಯನೇ ಆ ಹುಡುಗ. ಮೊದಲು ಬರೆದಾಗ ಕೊನೆಗೆ ಏನೂ ಆಗುತ್ತಿರಲಿಲ್ಲ. ಹುಡುಗರು ಆಟ ಮುಗಿಸಿ ಅವನ ನಡಿಗೆಗೆ ಸರಿಯಾಗಿ ನಿಧಾನ ನಡೆದು ಮನೆಗೆ ಹೋಗುತ್ತಿದ್ದರು, ಅಷ್ಟೇ. ಆಗಿನ ಕಾಲಕ್ಕೆ ದೊಡ್ಡ ಹೆಸರಿದ್ದ ಸಂಪಾದಕರೊಬ್ಬರು ಓದಿ, "ಮಕ್ಕಳಿಗೆ ಗೆಲುವು ಬೇಕು, ಅವನಿಂದ ಏನಾದರೂ ಮಾಡಿಸು" ಅಂದರು. ಆ ಮಾತಿಗೆ ಇವತ್ತಿಗೂ ಅವರ ಮೇಲೆ ನನಗೆ ಸಿಟ್ಟಿದೆ. ಅವರು ತೀರಿಕೊಂಡು ಎಷ್ಟೋ ವರ್ಷ ಆಯಿತು, ಆದರೂ ಇದೆ. ಆದರೆ ಪೆನ್ನು ನನ್ನ ಕೈಯಲ್ಲಿತ್ತು. ನಾನೇ ಹಳ್ಳಕ್ಕೆ ನೆರೆ ತರಿಸಿದೆ, ಅವನಿಂದ ಗಂಟೆ ಬಾರಿಸಿ ಊರು ಉಳಿಸಿದೆ. ಬಹುಮಾನ ಬಂತು. ಊರೂರಲ್ಲಿ ಆಡಿದರು.

ಗೆಳೆಯ ಗದುಗಿನಲ್ಲೇ ನಾಟಕ ನೋಡಿದ. ಆಮೇಲೆ ಇಬ್ಬರೂ ಗಿರ್ಮಿಟ್ ತಿಂದು ಚಹಾ ಹೇಳಿದೆವು. ಅವನು ಬಟ್ಟಲು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ನೆ ಕೂತ. ಆಮೇಲೆ ಕೇಳಿದ: "ನಾ ಊರು ಉಳಿಸಲಿಲ್ಲಂದ್ರ ನೀ ನನ್ನ ಜೋಡಿ ಚಾ ಕುಡೀತಿದ್ದಿಲ್ಲೇನು?"

ಏನು ಉತ್ತರ ಕೊಡಲಿ? ನಾಟಕ ಎರಡು ಸಲ ಮರುಮುದ್ರಣ ಆಯಿತು. ಎರಡು ಸಲವೂ ಕೊನೆ ಬದಲಿಸುವ ಅವಕಾಶ ಇತ್ತು. ಹೊಗಳಿದವರೆಲ್ಲ ಆ ಗಂಟೆಯನ್ನೇ ಹೊಗಳಿದ್ದರು, ಹಾಗಾಗಿ ನಾನು ಮುಟ್ಟಲಿಲ್ಲ. ಅವನು ಈಗಿಲ್ಲ.

ನಮ್ಮೂರಿನ ವೀರೇಶ್ವರ ಪುಣ್ಯಾಶ್ರಮ ನಿನಗೆ ಗೊತ್ತು. ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ, ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಅಲ್ಲಿಂದ ಬಂದ ದೊಡ್ಡ ಹಾಡುಗಾರರ ಬಗ್ಗೆ ಎಲ್ಲರೂ ಬರೆದಿದ್ದಾರೆ, ಬರೆಯಲೇಬೇಕು. ಆದರೆ ಚಿಕ್ಕವನಿದ್ದಾಗ ನಾನು ಅಲ್ಲಿ ಪ್ರಸಾದಕ್ಕೆ ಕೂತಾಗ ಪಕ್ಕದಲ್ಲಿ ಒಬ್ಬ ಕಣ್ಣಿಲ್ಲದ ಹುಡುಗ ಕೂತಿದ್ದ. ಅವನಿಗೆ ಸ್ವರ ನಿಲ್ಲುತ್ತಿರಲಿಲ್ಲ. ಅವನೇ ನಗುತ್ತಾ ಹೇಳಿದ. ಬಡಿಸುವವರು ಅವನ ಕೈ ಹಿಡಿದು ಅನ್ನ ಎಲ್ಲಿದೆ, ಸಾರು ಎಲ್ಲಿದೆ ಅಂತ ಮುಟ್ಟಿಸಿ ತೋರಿಸಿದರು. ಮುಂದೆ ಹಾಡುಗಾರ ಆಗುತ್ತಾನಾ ಅಂತ ಕೇಳಿ ಬಡಿಸಲಿಲ್ಲ. ಆ ಹುಡುಗನ ಬಗ್ಗೆ ನಾನು ಇವತ್ತಿನವರೆಗೆ ಒಂದು ಸಾಲೂ ಬರೆದಿರಲಿಲ್ಲ.

ಆ ಮೂರು ಕಡೆಯವರು ಯಾಕೆ ವಾಪಸ್ ಕಳಿಸಿದರೋ, ಅದರ ಗೊಡವೆ ಬೇಡ. ಕೊನೆಯ ದೃಶ್ಯ ಹರಿದು ಹಾಕು. ಅದರ ಬದಲು ಏನು ಅಂತ ನನ್ನನ್ನು ಕೇಳಬೇಡ. ಹುಡುಗಿ ನಿನ್ನವಳು. ಅಂಗಡಿಯವನನ್ನೂ ನಾನು ಕಂಡಿಲ್ಲ, ನೀನು ಕಂಡಿದ್ದೀಯ. ಅವನ ಬಗ್ಗೆ ಸ್ವಲ್ಪ ಜಾಸ್ತಿ ಬರೆ. ನಾಟಕದಲ್ಲಿ ಬದಲಾಗಬೇಕಾದವನು ಅವನು, ಅವಳಲ್ಲ. ಬರೆಯೋದಿಲ್ಲ ಅನ್ನುವ ಮಾತನ್ನು ಇನ್ನೊಮ್ಮೆ ನನ್ನ ಹತ್ತಿರ ಆಡಬೇಡ.

ಹಸ್ತಪ್ರತಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಏಳನೇ ಪುಟದ ಜೆರಾಕ್ಸ್ ಮಾಡಿಸಿ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ. ನಿನ್ನನ್ನು ಕೇಳದೆ ಇಟ್ಟುಕೊಂಡೆ, ತಪ್ಪು ತಿಳಿಯಬೇಡ.

ನಿನ್ನ,
ಗದುಗಿನ ಅಜ್ಜ