ಫ್ರೇಸಲ್ ವರ್ಬ್: ಬಾಯಿಪಾಠ ಸಾಲದು

ಮಾನ್ಯರೇ,

ಫ್ರೇಸಲ್ ವರ್ಬ್‌ಗಳ (ಕ್ರಿಯಾಪದಕ್ಕೆ ‘ಆಫ್’, ‘ಆಫ್ಟರ್’ನಂಥ ಚಿಕ್ಕ ಪದ ಸೇರಿ ಆಗುವ ಇಂಗ್ಲಿಷ್ ಜೋಡಿಗಳ) ಅರ್ಥದ ಪಟ್ಟಿಯನ್ನು ಮಕ್ಕಳಿಗೆ ಉರು ಹೊಡೆಸಿ ಫಲವಿಲ್ಲ. ಅವರು ಎಡವುವುದು ಪದ ಕೂರುವ ಜಾಗದಲ್ಲಿ. ‘ಸ್ವಿಚ್ ಆಫ್ ದ ಫ್ಯಾನ್’, ‘ಸ್ವಿಚ್ ದ ಫ್ಯಾನ್ ಆಫ್’ ಎರಡೂ ಸರಿ. ಫ್ಯಾನ್ ಬದಲು ‘ಇಟ್’ ಬಂದರೆ ಮಾತ್ರ ಅದು ನಡುವೆಯೇ ಬರಬೇಕು: ‘ಸ್ವಿಚ್ ಇಟ್ ಆಫ್’. ಇಲ್ಲಿ ‘ಆಫ್’ ಕ್ರಿಯಾವಿಶೇಷಣದಂತೆ ಕೆಲಸ ಮಾಡುತ್ತದೆ. ‘ಲುಕ್ ಆಫ್ಟರ್’ನಲ್ಲಿ ‘ಆಫ್ಟರ್’ ಪ್ರೆಪೊಸಿಷನ್, ಅಂದರೆ ನಾಮಪದ ಅಥವಾ ಸರ್ವನಾಮಕ್ಕಿಂತ ಮೊದಲು ಬರುವ ಪದ. ಆದ್ದರಿಂದ ‘ಲುಕ್ ಆಫ್ಟರ್ ಹರ್’ ಎಂದೇ ಆಗಬೇಕು, ‘ಲುಕ್ ಹರ್ ಆಫ್ಟರ್’ ಆಗದು. ಹೊಸ ಜೋಡಿ ಕಲಿಸುವಾಗಲೆಲ್ಲ ‘ಇಟ್’ ಸೇರಿಸಿ ಬರೆಸಿ. ‘ಬಗ್ಗೆ ಚರ್ಚಿಸು’ ಎಂಬ ನಮ್ಮ ರೂಢಿಯಿಂದ ನುಸುಳುವ ‘ಡಿಸ್ಕಸ್ ಅಬೌಟ್’ ಬೇರೆಯೇ ಕಾಟ. ‘ಡಿಸ್ಕಸ್’ಗೆ ನೇರ ಕರ್ಮ ಸಾಕು. ಪರೀಕ್ಷೆಯಲ್ಲೂ ಅರ್ಥ ಹೊಂದಿಸುವುದಕ್ಕಿಂತ ವಾಕ್ಯ ತಿದ್ದುವ ಪ್ರಶ್ನೆಗಳು ಹೆಚ್ಚಲಿ.

– ಇಂಗ್ಲಿಷ್ ಭಾಷಾ ಶಿಕ್ಷಕರು, ಮಂಡ್ಯ